ಮಕ್ಕಳ ಮುಂದೆ ಅಳಬಾರದೇ?

"ಮಕ್ಕಳ ಮುಂದೆ ಅಳಬೇಡ" ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಹೆರಿಗೆಯಾಗಿ ತಿಂಗಳಾದರೂ ಮಂಕಾಗಿ ಕುಳಿತ ಸೊಸೆಗೆ ಅತ್ತೆ ಇದನ್ನೇ ಹೇಳುತ್ತಾರೆ. ಜೊತೆಗೊಂದು ಪ್ರಶ್ನೆ: "ನಿನಗೆ ಇಲ್ಲಿ ಏನು ಕಡಿಮೆಯಾಗಿದೆ?"

ಕಡಿಮೆಯೇನೂ ಆಗದೆಯೂ ದುಃಖ ಬರುತ್ತದೆಂದು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟವರಿದ್ದಾರೆ. ಇಂದಿನ ಅಫಘಾನಿಸ್ತಾನದ ಬಲ್ಖ್ ಪ್ರಾಂತ್ಯದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ (ನಿಧನ 934) ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ದುಃಖವನ್ನು ಎರಡಾಗಿ ವಿಂಗಡಿಸಿದರು. ಒಂದಕ್ಕೆ ಕಾರಣ ಗೊತ್ತಿದೆ, ಇನ್ನೊಂದಕ್ಕೆ ಗೊತ್ತಿಲ್ಲ. ಎರಡನೆಯದರ ಮೂಲವನ್ನು ಅವರು ದೇಹದಲ್ಲಿ ಹುಡುಕಿದರು. ರಕ್ತದ ದೋಷವೆಂಬ ಅವರ ವಿವರಣೆ ಇಂದು ನಿಲ್ಲದು. ಆದರೆ ಅದನ್ನು ಸೋಮಾರಿತನವೆಂದು ಅವರು ಹಳಿಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಭಾವನೆಗಳನ್ನು ಬಚ್ಚಿಡಬೇಕೆಂಬ ಬೋಧನೆಗೆ ವಿಜ್ಞಾನದ ಮುದ್ರೆಯೂ ಬಿದ್ದಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕದಲ್ಲಿ, ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ಉಪದೇಶಿಸಿದರು. ಆ ಮನೆಯಲ್ಲಿ ಭಾವನೆ ತೋರಿಸುವಂತಿರಲಿಲ್ಲವೆಂದು ಅವರ ಮಗ ಜೇಮ್ಸ್ ಮುಂದೆ ನೋವಿನಿಂದ ನೆನೆದಿದ್ದಾರೆ. ತಂದೆಯ ಸಿದ್ಧಾಂತಕ್ಕೆ ಮಗನ ಸಾಕ್ಷ್ಯವೇ ಉತ್ತರ!

ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಸರಳವಾದುದು. ತಾಯಿ ಮೊದಲು ಹಸುಳೆಯೊಂದಿಗೆ ಆಡಬೇಕು, ಬಳಿಕ ಕೆಲ ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕುಳಿತಿರಬೇಕು. ಮಗು ನಗುತ್ತದೆ, ಕೂಗುತ್ತದೆ, ಕೊನೆಗೆ ಸೋತು ಮುಖ ತಿರುಗಿಸುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಮಗುವನ್ನು ಕಂಗೆಡಿಸಿದ್ದು ಕಣ್ಣೀರಲ್ಲ, ಉತ್ತರ ಕೊಡದ ಮುಖ. ತಾಯಿ-ಮಗುವಿನ ತಾಳ ದಿನಕ್ಕೆ ಹತ್ತಾರು ಸಲ ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುವುದೇ ಮುಖ್ಯ ಎಂಬುದು ಟ್ರಾನಿಕ್ ಅವರ ಮುಂದಿನ ಸಂಶೋಧನೆಗಳ ತಿರುಳು. ಖಿನ್ನತೆಯಿಂದ ಬಳಲುವ ತಾಯಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನಿದೆ?

ಖಿನ್ನತೆ ಶ್ರೀಮಂತರ ಕಾಯಿಲೆಯೆಂಬ ಭ್ರಮೆಯೂ ನಮ್ಮಲ್ಲಿದೆ. ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತಿತರರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ 6ರಿಂದ 8 ವಾರಗಳಲ್ಲಿ ಶೇ. 23 ತಾಯಂದಿರು ಖಿನ್ನತೆಯಿಂದ ಬಳಲುತ್ತಿದ್ದರು. ಬಡತನ, ಗಂಡನ ಹಿಂಸೆ, ಗಂಡು ಬೇಕೆಂದಲ್ಲಿ ಹೆಣ್ಣು ಹುಟ್ಟಿದ್ದು — ಇವು ಅಲ್ಲಿ ಕಂಡ ನಂಟುಗಳು. ಹೀಗಿರುವಾಗ "ಅಳಬೇಡ" ಎಂಬ ಆಜ್ಞೆ ಯಾರನ್ನು ಕಾಪಾಡುತ್ತಿದೆ? ಮಗುವನ್ನೋ, ಮನೆಯ ಮರ್ಯಾದೆಯನ್ನೋ?

ತಾಯಿಗೆ ಮನೋರೋಗವೆಂದರೆ ಮಗುವನ್ನು ಅಗಲಿಸುವುದೇ ಹಿಂದೆ ಪದ್ಧತಿಯಾಗಿತ್ತು. 1948ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಡಾ. ಟಾಮ್ ಮೇನ್ ತಾಯಿಯ ಜೊತೆ ಮಗುವನ್ನೂ ಸೇರಿಸಿಕೊಂಡರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗಿರಿಸಿದರು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವಿನ ಪ್ರತ್ಯೇಕ ವಾರ್ಡನ್ನು ಆರಂಭಿಸಿತು. ಅಲ್ಲಿ ತಾಯಿಗೆ ಚಿಕಿತ್ಸೆ ನಡೆಯುವಾಗ ಮಗು ಪಕ್ಕದಲ್ಲೇ ಇರುತ್ತದೆ, ಎದೆಹಾಲು, ಆಟ, ಮಾತು ಎಲ್ಲಕ್ಕೂ ಅವಳಿಗೆ ನೆರವು ಸಿಗುತ್ತದೆ.

ಮಾತು ಬಲ್ಲ ಮಗುವಿಗಾದರೆ ಇಷ್ಟು ಹೇಳಬಹುದು: "ಅಮ್ಮನಿಗೆ ಹುಷಾರಿಲ್ಲ ಪುಟ್ಟಾ, ಅದಕ್ಕೇ ಅಳು ಬಂತು. ನಿನ್ನಿಂದಲ್ಲ. ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ."