ಕಿಲೋ ಎಂದರೆ ಎಷ್ಟು?

ಸಂತೆಯಲ್ಲಿ ಈರುಳ್ಳಿ ಕೊಳ್ಳುವ ಗ್ರಾಹಕನ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿರುತ್ತದೆ. ಕಿಲೋ ಎಂದರೆ ಎಷ್ಟೆಂದು ತೀರ್ಮಾನಿಸಿದವರು ಯಾರು ಎಂದು ಅವನು ಕೇಳುವುದಿಲ್ಲ.

ಹಿಂದೆ ಇದಕ್ಕೆ ಊರಿಗೊಂದು ಉತ್ತರವಿತ್ತು. ಸೇರು, ಮಣಗಳ ಹೆಸರು ಒಂದೇ ಆದರೂ ತೂಕ ಸೀಮೆಯಿಂದ ಸೀಮೆಗೆ ಬೇರೆ. ಲೆಕ್ಕ ಬಲ್ಲ ವ್ಯಾಪಾರಿಗೆ ಲಾಭ. ಕಾಳು ಮಾರಲು ಬಂದ ರೈತನಿಗೆ ನಷ್ಟ. ಯೂರೋಪಿನಲ್ಲೂ ಇದೇ ಪಾಡು. 1875ರ ಮೇ 20ರಂದು 17 ರಾಷ್ಟ್ರಗಳು ಪ್ಯಾರಿಸ್‌ನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಸಮೀಪದ ಸೆವ್ರ್‌ನಲ್ಲಿ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆ ಸಂಸ್ಥೆ ನೆಲೆಯೂರಿತು. 1889ರಿಂದ ಅಲ್ಲಿನ ನೆಲಮಾಳಿಗೆಯ ಪ್ಲಾಟಿನಂ-ಇರಿಡಿಯಂ ಬಟ್ಟೇ ಜಗತ್ತಿನ ಕಿಲೋ. ಅದರ ಮೂರು ಬೀಗದ ಕೈಗಳು ಮೂವರ ಬಳಿ!

ಭಾರತ 1956ರಲ್ಲಿ ಮೆಟ್ರಿಕ್ ಕಾಯ್ದೆ ಮಾಡಿ, ಮರುವರ್ಷ ಒಪ್ಪಂದಕ್ಕೆ ಸೇರಿತು. ಭಾರತದ ಪಾಲಿನ 57ನೇ ಸಂಖ್ಯೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ.

ಫಜೀತಿಯಾದದ್ದು ಆಮೇಲೆ. ನೂರು ವರ್ಷಗಳಲ್ಲಿ ಮೂಲ ಬಟ್ಟಿಗೂ ಅದರ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಕಂಡಿತು. ಸವೆದದ್ದು ಯಾವುದು? ವ್ಯಾಖ್ಯೆಯ ಪ್ರಕಾರ ಮೂಲ ತಪ್ಪುವಂತೆಯೇ ಇಲ್ಲ. ಕೊನೆಗೆ 2018ರ ನವೆಂಬರ್ 16ರಂದು ವರ್ಸೇಲ್ಸ್‌ನಲ್ಲಿ ಸದಸ್ಯ ರಾಷ್ಟ್ರಗಳು ಮತ ಹಾಕಿ ಕಿಲೋವನ್ನು ಲೋಹದಿಂದ ಬಿಡಿಸಿ, ಸವೆಯದ ಪ್ಲಾಂಕ್ ಸ್ಥಿರಾಂಕಕ್ಕೆ ಕಟ್ಟಿದವು. 2019ರ ಮೇ 20ರಂದು ಅದು ಜಾರಿಗೆ ಬಂತು. ಸಂತೆಯ ತಕ್ಕಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಹಳೆಯ ಬಟ್ಟು ಈಗಲೂ ಅದೇ ನೆಲಮಾಳಿಗೆಯಲ್ಲಿದೆ.