ಸೀಟಿ ಊದದೆ ಹೊಡೆದ ಗೋಲು

ಹುನಗುಂದ ಕಡೆಯ ಒಂದು ಊರಿನ ಜಾತ್ರೆಯಲ್ಲಿ ಕಬಡ್ಡಿ ನಡೆದಿತ್ತು. ರೈಡರ್ ಗೆರೆ ಮುಟ್ಟಿದನೋ ಇಲ್ಲವೋ ಎಂದು ಜಗಳ ಬಿತ್ತು. ‘ಮುಟ್ಯಾನ್ರೀ’ ಅಂತ ಒಂದು ಕಡೆ. ‘ಎಲ್ಲಿ ಮುಟ್ಯಾನ, ಸುಣ್ಣ ಕೆದರಿಲ್ಲ ನೋಡ್ರಿ’ ಅಂತ ಇನ್ನೊಂದು ಕಡೆ. ಅಂಪೈರ್ ಪಾಯಿಂಟ್ ಕೊಟ್ಟರು. ಸಿಟ್ಟಾದ ತಂಡ ಅರ್ಧಕ್ಕೇ ಆಟ ಬಿಟ್ಟು ಗಾಡಿ ಹತ್ತಿತು. ಢಾಲು ಉಳಿದವರ ಪಾಲಾಯಿತು. ವರದಿಗೆ ಹೋಗಿದ್ದ ನಮಗೆ ಎರಡೂ ಕಡೆಯವರು ಹೇಳಿದ್ದು ಒಂದೇ ಮಾತು: ‘ಸ್ವಲ್ಪರ ಕಾಮನ್ ಸೆನ್ಸ್ ಬ್ಯಾಡೇನ್ರೀ?’

ಇಂಥದ್ದೇ ಜಗಳ ನಮ್ಮ ರಾಜಧಾನಿಯಲ್ಲೂ ಆಗಿದೆ, ಕೋಟಿ ರೂಪಾಯಿ ಲೆಕ್ಕದಲ್ಲಿ.

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫುಟ್‌ಬಾಲ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಎದುರಾಬದುರು. 90 ನಿಮಿಷ ಮುಗಿದರೂ ಗೋಲಿಲ್ಲ. 30 ನಿಮಿಷದ ಹೆಚ್ಚುವರಿ ಆಟ ಶುರುವಾಯಿತು. ಅದರ ಆರಂಭದಲ್ಲೇ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಆಟಗಾರರ ಗೋಡೆ ಕಟ್ಟುತ್ತಿದ್ದರು. ಅಷ್ಟರಲ್ಲಿ ಸುನಿಲ್ ಛೇಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ಸೀಟಿ ಊದಿರಲಿಲ್ಲ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು.

ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದುಕೊಂಡರು. ತಂಡ ಮರಳಿ ಬರಲಿಲ್ಲ. ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು.

ಯಾರದು ಸರಿ? ಮೊದಲು ನಿಯಮ ನೋಡೋಣ. ಫ್ರೀ ಕಿಕ್ ಹೊಡೆಯುವಾಗ ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ಆದರೆ ಅವರು ಸರಿಯುವವರೆಗೆ ಕಾಯಲೇಬೇಕೆಂದಿಲ್ಲ, ಬೇಕಿದ್ದರೆ ಕೂಡಲೇ ಹೊಡೆಯಬಹುದು. ತಪ್ಪು ಮಾಡಿದವರೇ ತಡಮಾಡಿ ಲಾಭ ಪಡೆಯಬಾರದು ಎಂಬುದು ಇದರ ಹಿಂದಿನ ನ್ಯಾಯ. ಆದರೆ ರೆಫರಿ ದೂರ ಅಳೆಯಲು ನಿಂತರೆ, ಇಲ್ಲವೇ ಕಾರ್ಡ್ ತೋರಿಸಿದರೆ, ಸೀಟಿಗೆ ಕಾಯಲೇಬೇಕು.

ಜಗಳ ಇದ್ದದ್ದು ಇಲ್ಲೇ. ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದರು ಛೇಟ್ರಿ. ರೆಫರಿ ಗೋಡೆ ನಿಲ್ಲಿಸುವ ಕೆಲಸಕ್ಕೆ ಕೈಹಾಕಿದ್ದರು, ಹಾಗಾಗಿ ಸೀಟಿ ಊದಲೇಬೇಕಿತ್ತು ಎಂದರು ಕೇರಳದವರು. ಎರಡೂ ಮಾತಿಗೆ ನಿಯಮದಲ್ಲೇ ಆಧಾರವಿದೆ. ಆ ಕೆಲವು ಕ್ಷಣಗಳಲ್ಲಿ ರೆಫರಿ ಏನು ಸನ್ನೆ ಮಾಡಿದರು, ಅದು ಯಾರಿಗೆ ಹೇಗೆ ಅರ್ಥವಾಯಿತು ಎಂಬುದರ ಮೇಲೆ ಎಲ್ಲ ನಿಂತಿತ್ತು.

ರೆಫರಿ ಎಂಬ ಮನುಷ್ಯ ಬಂದದ್ದೇ ಇಂಥ ತಂಟೆ ಬಿಡಿಸಲು. ಹಿಂದೆ ಇಂಗ್ಲೆಂಡಿನಲ್ಲಿ ಎರಡೂ ತಂಡಗಳು ತಮ್ಮ ತಮ್ಮ ಅಂಪೈರ್‌ಗಳನ್ನು ತರುತ್ತಿದ್ದವು. ಇಬ್ಬರಿಗೂ ಹೊಂದಾಣಿಕೆಯಾಗದಿದ್ದರೆ ಅಂಗಳದ ಹೊರಗಿದ್ದ ಮೂರನೆಯವರನ್ನು ಕೇಳುತ್ತಿದ್ದರು. ನಮ್ಮ ಊರಲ್ಲಿ ಎರಡು ಮನೆತನದ ತಂಟೆ ಹಿರಿಯರ ಕಟ್ಟೆಗೆ ಹೋದಂತೆ. 1891ರಲ್ಲಿ ಆ ಮೂರನೆಯವರನ್ನೇ ಅಂಗಳದೊಳಗೆ ತಂದು ಪೂರ್ತಿ ಅಧಿಕಾರ ಕೊಟ್ಟರು. ಇಂದಿಗೂ ಗೋಲು ಆಯಿತೋ ಇಲ್ಲವೋ ಎಂಬುದರಲ್ಲಿ ಅವರ ತೀರ್ಪೇ ಕೊನೆ.

ಹಾಗಾದರೆ ಕಾಮನ್ ಸೆನ್ಸ್‌ಗೆ ಜಾಗ ಎಲ್ಲಿ? ಫುಟ್‌ಬಾಲ್‌ಗೆ ಇರುವುದು 17 ನಿಯಮ. 18ನೆಯದು ಕಾಮನ್ ಸೆನ್ಸ್ ಎಂದು ರೆಫರಿಗಳು ತಮಾಷೆಗೆ ಹೇಳುವುದುಂಟು. ‘ಆಟದ ಆಶಯ’ಕ್ಕೆ ತಕ್ಕಂತೆ ತೀರ್ಪು ಕೊಡಿ ಎಂದು ನಿಯಮಪುಸ್ತಕವೇ ಹೇಳುತ್ತದೆ. ನಮಗೆ ತೋರುವ ಪ್ರಕಾರ, ಆ ರಾತ್ರಿ ಕಾಮನ್ ಸೆನ್ಸ್ ಬೇಕಿದ್ದದ್ದು ಗೋಲಿಗೆ ಮೊದಲು. ಸೀಟಿ ಊದುತ್ತೇನೋ ಇಲ್ಲವೋ ಎಂಬುದನ್ನು ಎರಡೂ ತಂಡಕ್ಕೆ ಕಾಣುವಂತೆ ಕೈಸನ್ನೆಯಲ್ಲಿ ತೋರಿಸಿದ್ದರೆ ಸಾಕಿತ್ತು. ಗೋಲಾದ ಮೇಲೆ ಯಾರು ಎಷ್ಟು ಕೂಗಿದರೂ ಅದು ಬರೀ ಗದ್ದಲ.

ಅಂಗಳ ಬಿಟ್ಟು ಹೋದ ತಂಡ ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡಿತು. ಇನ್ನೂ 20 ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು, ಹಿಂದಿದ್ದದ್ದು ಒಂದೇ ಗೋಲು. ಪಂದ್ಯ ಮತ್ತೆ ಆಡಿಸಿ ಎಂಬ ಬೇಡಿಕೆ ತಿರಸ್ಕೃತವಾಯಿತು. ಅದೇ ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಇದು ಮೊದಲ ಪಾಠವೇನಲ್ಲ. 2012ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ತಂಡ ಈಸ್ಟ್ ಬೆಂಗಾಲ್ ಎದುರು ಎರಡನೇ ಅರ್ಧಕ್ಕೆ ಇಳಿಯಲಿಲ್ಲ. ಎರಡು ವರ್ಷದ ನಿಷೇಧ ಬಿತ್ತು. ಆಮೇಲೆ ಅದನ್ನು ತೆಗೆದು 2 ಕೋಟಿ ದಂಡ ಹಾಕಿದರು.

ಇನ್ನೊಂದು ದಾರಿಯೂ ಇದೆ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ಎದುರು ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಗೋಲು ಗೆರೆ ದಾಟಿದ್ದನ್ನು ಜಗತ್ತೇ ಕಂಡಿತು, ರೆಫರಿಗೆ ಮಾತ್ರ ಕಾಣಲಿಲ್ಲ. ಇಂಗ್ಲೆಂಡ್ ಪೂರ್ತಿ ಆಡಿ 1-4ರಿಂದ ಸೋತಿತು. ವಾದ ಆಮೇಲೆ ನಡೆಯಿತು. 2012ರಲ್ಲಿ ಗೋಲು ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2014ರ ವಿಶ್ವಕಪ್‌ನಲ್ಲಿ ಬಳಕೆಗೂ ಬಂತು. ಆಡಿ ಸೋತವರ ದೂರು ನಿಯಮವನ್ನೇ ಬದಲಿಸಿತು.

ಬಾಗಲಕೋಟೆ, ಬಾದಾಮಿ, ಇಳಕಲ್ ಕಡೆ ಪಂದ್ಯ ಇಡುವ ಹುಡುಗರಿಗೆ ನಮ್ಮದೊಂದೇ ವಿನಂತಿ. ಆಟಕ್ಕೆ ಮೊದಲು ಇಬ್ಬರೂ ಕ್ಯಾಪ್ಟನ್‌ಗಳನ್ನು ಅಂಪೈರ್ ಎದುರು ಕೂಡಿಸಿ ನಿಯಮ ಓದಿ ಹೇಳಿರಿ. ತಕರಾರು ಇದ್ದರೆ ಕ್ಯಾಪ್ಟನ್ ಒಬ್ಬನೇ ಕೇಳಲಿ. ಸುಣ್ಣದ ಗೆರೆ ಅಳಿಸಿದಾಗ ಮತ್ತೆ ಎಳೆಯಿರಿ. ಆಮೇಲೆ ತೀರ್ಪು ತಪ್ಪೆನಿಸಿದರೂ ಆಟ ಮುಗಿಸಿಯೇ ಗಾಡಿ ಹತ್ತಿರಿ.