ಹೊಳೆ ನಿಂತ ಮೇಲೆ ಬಚ್ಚಲ ನೀರಿನ ಲೆಕ್ಕ

ಹರಿಯುವ ನೀರಿಗೆ ಮೈಲಿಗೆ ಇಲ್ಲ ಎಂಬ ನಂಬಿಕೆ ಹೊಳೆಸಾಲಿನ ಊರುಗಳಲ್ಲಿ ಬಹಳ ಹಳೆಯದು. ಬಟ್ಟೆ ಒಗೆದ ನೀರು, ಎತ್ತಿನ ಮೈ ತೊಳೆದ ನೀರು, ಊರಿನ ಗಟಾರದ ನೀರು ಎಲ್ಲವೂ ಹೊಳೆಯನ್ನೇ ಸೇರುತ್ತಿದ್ದವು. ಮಳೆಗಾಲದ ಮಹಾಪೂರ ಅದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು.

ಈ ನಂಬಿಕೆಯಲ್ಲಿ ಒಂದಿಷ್ಟು ವಿಜ್ಞಾನವೂ ಉಂಟು. ಹರಿಯುವ ನೀರು ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದರ ಬಲದಿಂದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಕರಗಿಸುತ್ತವೆ. ಜನ ಕಡಿಮೆ, ಹೊಳೆ ದೊಡ್ಡದು ಎಂಬಷ್ಟು ಕಾಲ ಈ ಲೆಕ್ಕ ಸರಿಹೋಗುತ್ತಿತ್ತು.

ಕೃಷ್ಣೆಯ ಮೇಲೆ ಈ ಲೆಕ್ಕವನ್ನು ಬದಲಿಸಿದ್ದು ಆಲಮಟ್ಟಿ. ಅಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಕೆಲಸ ಮುಗಿದದ್ದು 2005ರಲ್ಲಿ. ನೀರಿನ ಮಟ್ಟ 519.60 ಮೀಟರ್ ಮುಟ್ಟಿದಾಗ ಜಲಾಶಯದಲ್ಲಿ ಸುಮಾರು 123 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತದೆ. ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಿತು. ಸಮುದ್ರ ಕಾಣದ ಸೀಮೆಯ ಒಕ್ಕಲಿಗರು ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದ ದಂಡೆಯವರಾದರು.

ನಿಂತ ನೀರಿನ ಸ್ವಭಾವ ಬೇರೆ. ಬಚ್ಚಲ ನೀರಿನಲ್ಲಿರುವ ಸಾರಜನಕ, ರಂಜಕಗಳು ಅಲ್ಲಿ ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ. ಮಿಗಿಲಾಗಿ, ಹಿನ್ನೀರು ಬರಿಯ ಹೊಲದ ನೀರಲ್ಲ. ಅದು ಅನೇಕ ಊರುಗಳ ಕುಡಿಯುವ ನೀರು. ಒಂದೂರಿನ ಗಟಾರ ಸೇರುವ ಕಡೆಯಿಂದಲೇ ಮತ್ತೊಂದೂರಿನ ಕೊಡ ತುಂಬುವಂತಾಗುತ್ತದೆ.

ಕೊಳಚೆಯನ್ನು ತೊಳೆಯುವ ವಿದ್ಯೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಒಂದು ವಿಧಾನವನ್ನು ಪ್ರಕಟಿಸಿದರು. ಕೊಳಚೆಗೆ ಗಾಳಿ ಊದಿ, ತಳಕ್ಕಿಳಿದ ರಾಡಿಯನ್ನು ಚೆಲ್ಲದೆ ಹೊಸ ಕೊಳಚೆಗೆ ಬೆರೆಸುವುದು ಅದರ ಗುಟ್ಟು. ಆ ರಾಡಿ ಸೂಕ್ಷ್ಮಜೀವಿಗಳ ಹೆಪ್ಪು. ಹಾಲಿಗೆ ಹೆಪ್ಪು ಹಾಕಿದಂತೆಯೇ. ಹೊಳೆ ದಿನಗಟ್ಟಲೆ ಮಾಡುವ ಕೆಲಸವನ್ನು ಅದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಇಂದಿಗೂ ಜಗತ್ತಿನ ದೊಡ್ಡ ನಗರಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ವಿಧಾನವನ್ನೇ.

ಆದರೆ ಇದಕ್ಕೆ ಹಗಲಿರುಳೂ ವಿದ್ಯುತ್ ಬೇಕು, ಊರ ತುಂಬ ಒಳಚರಂಡಿ ಬೇಕು. ಸಣ್ಣ ಊರಿಗೆ ಅದು ಎಟುಕುವ ಮಾತಲ್ಲ. ಅಲ್ಲಿರುವುದು ಶೌಚದ ಗುಂಡಿ. ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಗುಂಡಿಗೂ ತೊಡಕುಂಟು. ನೀರುಂಡು ಉಬ್ಬಿದ ಎರೆಮಣ್ಣು ಗುಂಡಿಯ ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಗುಂಡಿ ತುಂಬುತ್ತದೆ, ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತದೆ. ಹೀರಿದ್ದನ್ನು ಎಲ್ಲಿ ಸುರಿಯಬೇಕು? ಜಾಗ ಗೊತ್ತುಮಾಡದಿದ್ದರೆ ಹತ್ತಿರದ ಹಳ್ಳವೇ ಗತಿ. ಹಳ್ಳ ಸೇರುವುದು ಹಿನ್ನೀರನ್ನು.

ಈ ಪ್ರಶ್ನೆಗೆ 2015ರಲ್ಲಿ ದೇವನಹಳ್ಳಿ ಒಂದು ಉತ್ತರ ಕೊಟ್ಟಿತು. ಅಲ್ಲಿ ದಿನಕ್ಕೆ ಸುಮಾರು 6,000 ಲೀಟರ್ ಮಲದ ರಾಡಿಯನ್ನು ಸಂಸ್ಕರಿಸುವ ಘಟಕ ಸ್ಥಾಪನೆಯಾಯಿತು. ಟ್ಯಾಂಕರ್ ಸುರಿದ ರಾಡಿ ಇಳಿಜಾರಿನಲ್ಲಿ ತಾನಾಗಿ ಹರಿದು ಗೋಬರ್ ಗ್ಯಾಸ್ ಮಾದರಿಯ ತೊಟ್ಟಿಯಲ್ಲಿ ಹುದುಗುತ್ತದೆ, ಆಮೇಲೆ ಹಾಸುಗಳ ಮೇಲೆ ಒಣಗುತ್ತದೆ. ಸೋಸಿದ ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಹಾಯುತ್ತದೆ. ಒಣಗಿದ್ದನ್ನು ಊರಿನ ಹಸಿಕಸದೊಡನೆ ಕೊಳೆಸಿದರೆ ಹೊಲಕ್ಕೆ ಗೊಬ್ಬರ. ತಿಪ್ಪೆಯ ಬೆಲೆ ಬಲ್ಲ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಲಮಾಲಿನ್ಯ ತಡೆಯುವ ಕಾಯ್ದೆ ದೇಶಕ್ಕೆ ಬಂದದ್ದು 1974ರಲ್ಲಿ. ಆಗ ಆಲಮಟ್ಟಿಯ ಕಟ್ಟೆ ಇನ್ನೂ ಅರ್ಧದಲ್ಲಿತ್ತು. ಕಟ್ಟೆ ಎಷ್ಟೆತ್ತರ ಇರಬೇಕು, ಯಾರ ಪಾಲು ಎಷ್ಟು ಎಂದು ರಾಜ್ಯಗಳು ವರ್ಷಗಟ್ಟಲೆ ವಾದಿಸಿದವು, ಟಿ.ಎಂ.ಸಿ.ಗಳ ಲೆಕ್ಕ ಈಗ ಎಲ್ಲರ ಬಾಯಲ್ಲೂ ಇದೆ. ಬಳಸಿದ ಮೇಲೆ ಮನೆಮನೆಯಿಂದ ಹಿಂದಿರುಗುವ ನೀರಿನ ಲೆಕ್ಕಕ್ಕೆ ಅಷ್ಟು ಗದ್ದಲ ಬೇಕಾಗಿಲ್ಲ. ಪ್ರತಿ ಊರಿಗೂ ಒಂದು ತುಂಡು ಜಾಗ, ಒಂದು ತೊಟ್ಟಿ, ನಾಲ್ಕು ಹಾಸು ಸಾಕು. ಹೊಳೆ ಹರಿಯುತ್ತಿದ್ದಾಗ ತಾನೇ ಮಾಡುತ್ತಿದ್ದ ಕೆಲಸವನ್ನು, ಅದನ್ನು ನಿಲ್ಲಿಸಿದವರು ಈಗ ದಂಡೆಯ ಮೇಲೆ ಮಾಡಬೇಕಾಗಿದೆ.